ಕುದುರೆ, ಎತ್ತು, ನಾಯಿ: ಜಾವೀದನ ಮೂರು ಬ್ರೌಸರ್‌ಗಳು

ಕಲಬುರಗಿಯ ಜಗತ್ ಸರ್ಕಲ್ಲಿನ ಬಳಿ ಗುಫ್ರಾನನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಆ ಮಧ್ಯಾಹ್ನ ಓಟದ ಪಂದ್ಯ ನಡೆದಿತ್ತು. ಓಡುವವು ಮೂರು ಬ್ರೌಸರ್‌ಗಳು. ತೀರ್ಪುಗಾರರು ಗುಫ್ರಾನ್ ಮತ್ತು ಅವನ ದೋಸ್ತ ಜಾವೀದ್. ಕಮಲಾಪುರದ ಬಸ್ ನಿಲ್ದಾಣದ ಎದುರು ಜಾವೀದನದೊಂದು ಆನ್‌ಲೈನ್ ಸೆಂಟರ್ ಇದೆ. ಅರ್ಜಿ ತುಂಬುವುದು, ರಿಸಲ್ಟ್ ನೋಡಿ ಹೇಳುವುದು, ಪ್ರಿಂಟ್ ಕೊಡುವುದು ಅವನ ಕಸುಬು. ಅಂಗಡಿಯ ಕಂಪ್ಯೂಟರು ಮುದಿಯಾಗಿ ಏದುಸಿರು ಬಿಡತೊಡಗಿದ್ದರಿಂದ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಕಲಬುರಗಿಗೆ ತಂದಿದ್ದ. ಗುಫ್ರಾನ್ ಅದರ ಧೂಳು ಝಾಡಿಸಿ, ಒಳಗೆ ಬೇಕಾದ್ದನ್ನು ಹಾಕಿ, ಮೂರು ಬ್ರೌಸರ್ ತುಂಬಿಕೊಟ್ಟಿದ್ದ. ಒಂದೇ ಪುಟವನ್ನು ಮೂರರಲ್ಲೂ ತೆರೆದು, ಯಾವುದು ಮೊದಲು ಬರುತ್ತದೆಂದು ಇಬ್ಬರೂ ಚಹಾ ಕುಡಿಯುತ್ತ ಕಾದರು.

ಮೊದಲನೆಯದು ಚಹಾದ ಲೋಟ ತುಟಿಗೆ ತಾಗುವಷ್ಟರಲ್ಲಿ ಪುಟ ತೆರೆದಿಟ್ಟಿತ್ತು. ಎರಡನೆಯದು ನಿಧಾನ. ಆದರೆ ಎಷ್ಟು ಪುಟ ಹೇರಿದರೂ ಕುಸಿಯಲಿಲ್ಲ. ಗುಫ್ರಾನ್ ಬೇಕೆಂದೇ ಪ್ಲಗ್ ಕಿತ್ತು ಹಾಕಿದರೂ, ಮತ್ತೆ ಶುರುವಾದಾಗ ಬಿಟ್ಟಲ್ಲಿಂದಲೇ ಹೊರಟಿತು. ಮೂರನೆಯದು ಮಾತ್ರ ಹೆಜ್ಜೆಗೊಮ್ಮೆ ತಡೆಯುತ್ತಿತ್ತು. ಈ ಸೈಟನ್ನು ನಂಬಬಹುದೇ, ಇದಕ್ಕೆ ಒಪ್ಪಿಗೆಯಿದೆಯೇ, ಪಾಸ್‌ವರ್ಡ್ ಏನು ಎಂದು ಕೇಳಿದ್ದೇ ಕೇಳಿದ್ದು.

ಜಾವೀದ್ ಅಲ್ಲೇ ನಾಮಕರಣ ಮಾಡಿದ. "ಇದು ಕುದುರಿ, ಇದು ಎತ್ತು. ಮೂರನೇದು ನಾಯಿ. ಮನಿ ಮಂದಿನ್ನೂ ಗುರುತು ಹಿಡಿಯಂಗಿಲ್ಲ, ಬರೇ ಬೊಗಳತದ."

"ಬೊಗಳಲಿ ಮಿಯಾ," ಎಂದ ಗುಫ್ರಾನ್. "ಊರ ಮಂದೆಲ್ಲಾ ಬಂದು ಕೂಡೋ ಕಂಪ್ಯೂಟರಿಗೆ ನಾಯೀನೇ ಛಲೋ. ಮುಚ್ಚಿದ ಕೂಡ್ಲೇ ಎಲ್ಲಾ ಮರೀತದ. ಕುದುರಿ ಮರಿಯಂಗಿಲ್ಲ ನೋಡು. ಯಾರು ಏನು ಬರದ್ರೂ ನೆನಪಿಟ್ಕೋತದ."

"ನಕ್ಕೋ ಭಾಯ್, ನಾಯಿ ಬ್ಯಾಡ! ನನ್ನ ಗಿರಾಕಿಗೆ ತನ್ನ ಹುಟ್ಟಿದ ತಾರೀಖೇ ನೆನಪಿರಂಗಿಲ್ಲ, ಪಾಸ್‌ವರ್ಡ್ ಎಲ್ಲಿಂದ ನೆನಪಿರತದ? ಕುದುರಿಗೆ ನೆನಪಿದ್ರ ಅವರಿಗೂ ಆರಾಮ, ನನಗೂ ಆರಾಮ."

ಹೀಗೆ ಕುದುರೆ ಗೆದ್ದು ಕಮಲಾಪುರಕ್ಕೆ ಬಂತು. ಜಾವೀದ್ ಬಾಗಿಲ ಮೇಲೆ 'ಎರಡೇ ನಿಮಿಷದಲ್ಲಿ ಕೆಲಸ' ಎಂದು ಬೋರ್ಡು ಬರೆಸಿದ. ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದು ಕುದುರೆ ಕೇಳಿದಾಗಲೆಲ್ಲ, ಎದುರು ಕೂತವರನ್ನು ಒಂದು ಮಾತು ಕೇಳದೆ 'ಹೌದು' ಒತ್ತುವುದು ಅವನ ಬೆರಳಿಗೆ ರೂಢಿಯಾಯಿತು. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರಲ್ಲ, ಹಾಗೆ ಗಿರಾಕಿಗಳೂ ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟರು. "ಜಾವೀದನ ಬಲ್ಲಿ ಅದ ಬಿಡು" ಎನ್ನುವುದು ಊರಿನ ಮಾತಾಯಿತು. ಅವನಿಗದು ಹೆಮ್ಮೆ.

ಒಂದು ಬೆಳಿಗ್ಗೆ ಜಗದೇವಪ್ಪ ಬಂದರು. ಕೆಂಪು ಬಾಳೆಯ ತೋಟದವರು, ಊರಲ್ಲಿ ಮಾತಿಗೆ ತೂಕವಿದ್ದವರು. ತಮ್ಮ ತೀರಿಕೊಂಡ ಮೇಲೆ ಅವನ ಮಗಳು ಪ್ರೀತಿಯನ್ನು ಹೆತ್ತ ಮಗಳಂತೆ ಸಾಕಿದವರು. ಪ್ರೀತಿ ಪಿಯುಸಿ ಸಾಯನ್ಸ್ ಮುಗಿಸಿ, ಡಿಗ್ರಿ ಸೀಟಿನ ಅರ್ಜಿಯನ್ನು ಇದೇ ಅಂಗಡಿಯಲ್ಲಿ ತುಂಬಿ ಹೋಗಿದ್ದಳು. ಮೊದಲ ಆಯ್ಕೆ ಕಲಬುರಗಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.

"ಜಾವೀದ್, ಪ್ರೀತಿ ಅರ್ಜಿ ತೆಗಿ. ಮೊದಲಿಂದು ನಮ್ಮೂರ ಕಾಲೇಜ್ ಇರಲಿ. ಬಿ.ಎ. ಸಾಕು."

"ಆಕಿ ಸಾಯನ್ಸ್ ಅಲ್ಲೇನ್ರಿ ಕಾಕಾ?"

"ಸಾಯನ್ಸ್ ಎಲ್ಲಿ ಓಡಿ ಹೋಗ್ತದ? ಮಂದಿ ದಿನಾ ಬಸ್ಸಿಗೆ ಜೋತು ಬಿದ್ದು ಹೋಗಿ ಬರೋದು ನೀ ನೋಡೀದಿಲ್ಲ? ಈಕಿ ಬರೋದು ಒಂದ್ ತಾಸು ತಡಾ ಆದ್ರ ನನ್ನ ಜೀವ ಬಾಯಿಗೆ ಬರ್ತದ. ಅವರಪ್ಪ ಇದ್ದಿದ್ರ ಆ ಮಾತು ಬ್ಯಾರೆ. ಏನಾರ ಆದ್ರ ಮಂದಿ ನನ್ನ ಕೇಳ್ತಾರ, ಆಕಿನ್ನಲ್ಲ."

ಅದು ಕೆಟ್ಟವರ ಮಾತಲ್ಲ. ಭಯವಿದ್ದವರ ಮಾತು. ಪ್ರೀತಿಗೆ ಇದು ಗೊತ್ತಿದೆಯೇ ಎಂದು ಜಾವೀದ್ ಒಂದು ಪ್ರಶ್ನೆ ಕೇಳಬಹುದಿತ್ತು. ಆದರೆ ಬೆಂಚಿನ ತುಂಬ ಮಂದಿ ಕೂತಿದ್ದರು, ಬಾಗಿಲ ಮೇಲೆ ಬೋರ್ಡಿತ್ತು. ಕುದುರೆಯನ್ನು ತೆರೆದ. ಪ್ರೀತಿಯ ಹೆಸರಿನ ಮೊದಲಕ್ಷರ ಒತ್ತುತ್ತಲೇ ಪಾಸ್‌ವರ್ಡಿನ ಜಾಗದಲ್ಲಿ ಕಪ್ಪು ಚುಕ್ಕೆಗಳು ತಾವಾಗಿಯೇ ತುಂಬಿಕೊಂಡವು.

"ನೋಡ್ರಿ ಕಾಕಾ, ನಮ್ಮ ಕುದುರಿಗೆ ಎಲ್ಲಾರ ಪಾಸ್‌ವರ್ಡ್ ಬಾಯಿಪಾಠ!"

"ಶಾಣ್ಯಾ ಇದ್ದಿ ನೀ," ಎಂದು ಜಗದೇವಪ್ಪ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಮೇಜಿನ ಮೇಲಿಟ್ಟು ಹೋದರು.

ಅರ್ಜಿ ತಿದ್ದಲು ಇನ್ನೊಂದೇ ದಿನ ಉಳಿದಿರುವಾಗ ಪ್ರೀತಿ ಪ್ರಿಂಟ್ ತೆಗೆಸಲು ಬಂದಳು. ಕಾಗದ ಕೈಗೆ ಬಂದದ್ದೇ ಅವಳು ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ಇದು ನಾ ಹಾಕಿದ್ದಲ್ಲ."

ಜಾವೀದ್ ಕಾಗದದತ್ತ ಬಗ್ಗಿದ. "ನಿಮ್ಮ ದೊಡ್ಡಪ್ಪ ಬಂದಿದ್ರವ್ವ. ನೀನೇ ಕಳಿಸೀದಿ ಅಂತ ತಿಳಕೊಂಡೆ."

"ದೊಡ್ಡಪ್ಪಗ ನನ್ನ ಪಾಸ್‌ವರ್ಡ್ ಹ್ಯಾಂಗ ಗೊತ್ತಾತು? ನಮ್ಮವ್ವಗೂ ನಾ ಹೇಳಿಲ್ಲ."

"ಅವರಿಗೆ ಗೊತ್ತಿಲ್ಲ," ಎಂದು ಜಾವೀದ್ ತೊದಲಿದ. "ನನ್ನ ಕಂಪ್ಯೂಟರಿಗೆ ಗೊತ್ತದ."

ಪ್ರೀತಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳುವುದು ಜಾವೀದನಿಗೆ ಸುಲಭವಾಗುತ್ತಿತ್ತು. ಅವನು ಅವಸರದಿಂದ ಮೌಸ್ ಹಿಡಿದ. "ತಡಿ, ಈಗೇ ಮೊದಲಿನಂಗ ಮಾಡ್ತೀನಿ. ಎರಡು ನಿಮಿಷ."

"ಬ್ಯಾಡ್ರಿ. ನೀವು ಮುಟ್ಟಬ್ಯಾಡ್ರಿ." ಅವಳು ಪ್ರಿಂಟನ್ನು ಮೇಜಿನ ಮೇಲಿಟ್ಟಳು. "ಈಗ ನಾ ಹೇಳೀನಂತ ತಿದ್ದತೀರಿ. ನಾಳೆ ದೊಡ್ಡಪ್ಪ ಬಂದು ಹೇಳಿದ್ರ ಮತ್ತ ತಿದ್ದತೀರಿ. ನನ್ನ ಅರ್ಜಿ ಯಾರ ಕೈಯಾಗ ಅದ ಹಂಗಾದ್ರ?"

ಜಾವೀದ್ ಮೌಸ್ ಬಿಟ್ಟ. ಈ ಹುಡುಗಿಯ ಮೂರು ವರ್ಷವನ್ನು, ಆಮೇಲಿನ ಬದುಕನ್ನೂ, ಚಹಾ ಆರುವ ಮೊದಲೇ ಬೇರೆ ದಾರಿಗೆ ತಿರುಗಿಸಿ ಕೊಟ್ಟಿದ್ದ. ಅದಕ್ಕೆ ಬಾಳೆಹಣ್ಣನ್ನೂ ತಿಂದಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

ಅವನು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ಆ ಕುರ್ಚಿಯಲ್ಲಿ ಅವನನ್ನು ಬಿಟ್ಟು ಯಾರೂ ಕೂತದ್ದಿಲ್ಲ. ಪ್ರೀತಿ ಎರಡೇ ಬೆರಳಿನಲ್ಲಿ ತಡವರಿಸಿ ಹಳೆಯ ಪಾಸ್‌ವರ್ಡ್ ಬದಲಿಸಿದಳು. ಜಾವೀದ್ ಬೀದಿಯ ಕಡೆ ಮುಖ ಮಾಡಿ ನಿಂತ. ಬಳಿಕ ಅವಳು ಕಲಬುರಗಿಯನ್ನು ಮೊದಲ ಸಾಲಿಗೆ ತಂದಳು. ಕುದುರೆ ಎಂದಿನಂತೆ, ಹೊಸ ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದು ಕೇಳಿತು. ಪ್ರೀತಿ ತಿರುಗಿ ಅವನ ಮುಖ ನೋಡಿದಳು.

"ಬ್ಯಾಡ ಅನ್ನವ್ವ," ಎಂದ ಜಾವೀದ್.

ಅವಳು ಹೋದ ಮೇಲೆ ಬೆಂಚಿನವರನ್ನು ಕಾಯಿಸಿ, ಕುದುರೆ ನೆನಪಿಟ್ಟುಕೊಂಡಿದ್ದನ್ನೆಲ್ಲ ತೆರೆದು ನೋಡಿದ. ಉರುಳಿಸಿದಷ್ಟೂ ಹೆಸರುಗಳು ಮುಗಿಯಲೊಲ್ಲವು. ಅರ್ಧ ಕಮಲಾಪುರವೇ ಅಲ್ಲಿ ಬಾಗಿಲು ತೆರೆದಿಟ್ಟು ಮಲಗಿತ್ತು. ಎಲ್ಲವನ್ನೂ ಅಳಿಸಿದ. ಆಮೇಲೆ ಗುಫ್ರಾನನಿಗೆ ಫೋನ್ ಹಚ್ಚಿ, "ನಿನ್ನ ನಾಯೀನ ಹ್ಯಾಂಗ ಕಟ್ಟಬೇಕು, ಹೇಳು ಭಾಯ್" ಎಂದ. ಗುಫ್ರಾನ್ ನಗಲಿಲ್ಲ, ಹೇಳಿಕೊಟ್ಟ.

ಮರುದಿನ ಅಂಗಡಿ ಆಮೆಯಾಯಿತು. ಒಬ್ಬರಿಗೆ ಪಾಸ್‌ವರ್ಡ್ ಮರೆತಿತ್ತು, ಇನ್ನೊಬ್ಬರು ಕೇಳಲು ಮನೆಗೆ ಓಡಿದರು. "ಎರಡು ನಿಮಿಷದ ಬೋರ್ಡ್ ತೆಗಿಯಪ್ಪಾ" ಎಂದು ಯಾರೋ ಛೇಡಿಸಿದರು. ಕೆಲವರು ಎದ್ದು ಪಕ್ಕದ ಸೆಂಟರಿಗೆ ಹೋದರು.

ಅಷ್ಟರಲ್ಲಿ ಜಗದೇವಪ್ಪ ಬಂದರು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಪ್ರೀತಿಯೇ ಅವರಿಗೆ ಎಲ್ಲ ಹೇಳಿದ್ದಳು.

"ಮತ್ತ ಬದಲು ಮಾಡ್ಯಾಳಂತ. ತೆಗಿ ಅದನ್ನ. ಇವತ್ತೇ ಕಡೀ ದಿನ."

ಜಾವೀದ್ ನಾಯಿಯನ್ನು ತೆರೆದು ಪರದೆಯನ್ನು ಅವರ ಕಡೆ ತಿರುಗಿಸಿದ. ಪಾಸ್‌ವರ್ಡಿನ ಜಾಗ ಖಾಲಿಯಿತ್ತು.

"ಪಾಸ್‌ವರ್ಡ್ ಬೇಕ್ರಿ ಕಾಕಾ."

"ನಿನ್ನ ಕುದುರಿಗೆ ಬಾಯಿಪಾಠ ಇತ್ತಲ್ಲ?"

"ಇರಬಾರದಾಗಿತ್ರಿ. ಎಲ್ಲಾರದೂ ಅಳಿಸಿ ಹಾಕೀನಿ. ಈಗ ಪ್ರೀತಿನ್ನೇ ಕೇಳಬೇಕು."

ಜಗದೇವಪ್ಪನವರ ಹುಬ್ಬು ಗಂಟಿಕ್ಕಿತು. "ಎಲ್ಲಾರದೂ ಅಂದ್ರ? ನಂದೂ ಇತ್ತೇನು ಅದರಾಗ?"

"ಇತ್ತರೀ. ಬ್ಯಾಂಕಿಂದು, ಹೊಲದ್ದು, ಎಲ್ಲಾ."

"ಯಾರು ಬೇಕಾದ್ರೂ ತೆಗೀಬಹುದಾಗಿತ್ತೇನು?"

"ನಿಮ್ಮ ಮನಿಯವರು ಅಂತ ಹೇಳ್ಕೊಂಡು ಯಾರಾರ ಬಂದಿದ್ರ, ನಾ ತೆಗದು ಕೊಡ್ತಿದ್ದೆ ಕಾಕಾ. ಸುಳ್ಳ್ಯಾಕ ಹೇಳ್ಲಿ."

"ಏ ಹುಚ್ಚಾ!" ಜಗದೇವಪ್ಪ ಮೇಜು ಕುಟ್ಟಿದರು. "ನನ್ನ ಕೇಳದ? ನಂದು ಅನ್ನೋದನ್ನ, ನನಗ ಒಂದ್ ಮಾತು ಕೇಳದ, ಮನಿಯವರು ಅಂದ ಕೂಡ್ಲೇ..."

ಮಾತು ಅಲ್ಲಿಗೇ ನಿಂತಿತು. ಜಾವೀದ್ ತಲೆ ತಗ್ಗಿಸಿ ಕೂತ. ಎದುರಿನ ನಿಲ್ದಾಣದಲ್ಲಿ ಕಂಡಕ್ಟರ್ ಒಬ್ಬ "ಕಲಬುರಗಿ, ಕಲಬುರಗಿ" ಎಂದು ಕೂಗುತ್ತಿದ್ದ. ಜಗದೇವಪ್ಪ ಬಹಳ ಹೊತ್ತು ಆ ಬಸ್ಸಿನತ್ತಲೇ ನೋಡಿದರು. ಎರಡು ಹುಡುಗಿಯರು ಚೀಲ ಎದೆಗವಚಿಕೊಂಡು ಅದನ್ನು ಹತ್ತಿದರು. ಬಸ್ಸು ಹೋಯಿತು.

ಅವರು ಬೆಂಚಿನ ತುದಿಗೆ ಕೂತು ಅಂಗಿಯ ಜೇಬಿನಿಂದ ಫೋನ್ ತೆಗೆದರು.

"ಪ್ರೀತಿ... ಹೂಂ, ನಾನವ್ವ. ಜಾವೀದನ ಅಂಗಡ್ಯಾಗ ಇದ್ದೀನಿ. ಇಲ್ಲ, ಏನೂ ಬದಲು ಮಾಡಿಸಿಲ್ಲ. ಅಂಜಬ್ಯಾಡ." ಅವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಒಂದ್ ಮಾತು ಕೇಳಬೇಕಾಗಿತ್ತು. ಕಾಲೇಜಿಗೆ ಮುಂಜಾನಿ ಎಷ್ಟರ ಬಸ್ಸು ಹಿಡೀಬೇಕಾಗ್ತದ ನೀನು?"