ಏಳು ಬೆರಳು

ಮಾಘದ ಬಿಸಿಲು. ಸಾಲಹಳ್ಳಿಯ ಕಣದಲ್ಲಿ ಹಂತಿ ನಡೆದಿತ್ತು. ಜೋಳದ ತೆನೆ ತುಳಿಯುತ್ತ ಎತ್ತುಗಳು ಸುತ್ತುತ್ತಿದ್ದವು. ಲಕ್ವಾ ಹೊಡೆದು ಮಾತೂ ಬಲಗೈಯೂ ಹೋದ ಬುರಾನಸಾಬ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಒರಗಿದ್ದ.

ಮಗಳು ಮೆಹೆರಾಜ ಧೂಳಿನಲ್ಲಿ 142857 ಎಂದು ಬರೆದಳು. ಎರಡರಿಂದ ಗುಣಿಸಿದರೆ 285714, ಮೂರರಿಂದ 428571. ಆರರವರೆಗೂ ಅವೇ ಅಂಕಿಗಳು ಸರದಿ ಕೆಡದೆ ಸುತ್ತು ಹಾಕುತ್ತವೆ.

“ಯಾಕ ಹಿಂಗ ತಿರಗತಾವು ಅಂತ ರಾಶಿ ದಿನ ಹೇಳತೇನಿ ಅಂದಿದ್ದಿ. ಸಾಲ ಇಟಗೊಂಡ ಕುಂತೀಯಲ್ಲ ಅಬ್ಬಾ, ಕೈ ಮಾಡಿಯರ ತೋರಸು!” ಎಂದು ನಗಿಸಲು ನೋಡಿದಳು.

ಉತ್ತರ ಅವನಿಗೆ ಗೊತ್ತಿತ್ತು. ಒಂದನ್ನು ಏಳರಿಂದ ಭಾಗಿಸುತ್ತ ಹೋದರೆ ದಶಾಂಶದಲ್ಲಿ ಈ ಆರು ಅಂಕಿಗಳೇ ಕೊನೆಯಿಲ್ಲದೆ ಬರುತ್ತವೆ. ಎಡಗೈಯ ಒಂದು ಬೆರಳೆತ್ತಿದ. ಏಳಕ್ಕೆ ಒಂದೇ ಕೈಯಲ್ಲಿ ಬೆರಳಿಲ್ಲ. ಐದು ತೋರಿಸಿ, ಆಮೇಲೆ ಎರಡು ತೋರಿಸಿದ.

“ನೂರಾ ಐವತ್ತೆರಡೇನು?” ಅವಳು ಕೂತು ಗುಣಿಸಿದಳು. 21714264. “ಇದು ತಿರಗವಲ್ದಲ್ಲ ಅಬ್ಬಾ.”

ಅವನು ಮತ್ತೆ ಒಂದು, ಐದು, ಎರಡು ತೋರಿಸಿದ. ಬಾಯಿಂದ ಬರೀ ಉಸಿರು ಬಂತು.

“ನೀರು ಬೇಕೇನು?” ಎಂದು ಅವಳು ತಂಬಿಗೆ ಹಿಡಿದಳು. ನೀರಡಿಕೆ ಇರಲಿಲ್ಲ, ಆದರೂ ಕುಡಿದ.

ಕಣದಲ್ಲಿ ಎತ್ತು ಬಿಚ್ಚಿದರು. ರಾಶಿ ಮುಗಿದಿತ್ತು, ಮಗಳಿಗೆ ಕೊಡಬೇಕಾದ ಸಾಲ ಹಾಗೇ ಉಳಿಯಿತು.