ಹಾಸಿಗೆಯಡಿಯ ಹೂವು

ಅಕಾಇತಿ ಅಜ್ಜಿಯ ಸ್ಕೂಟರ್ ಶಾಲೆಯ ಅಂಗಳಕ್ಕೆ ನುಗ್ಗಿದ್ದನ್ನು ಕಿಟಕಿಯಿಂದ ಕಂಡು ಟೆಪೇರು ಟೀಚರ್ ಕೈಲಿದ್ದ ಸೀಮೆಸುಣ್ಣ ಕೆಳಗಿಟ್ಟಳು. ಅಜ್ಜಿ ಅವಳ ತಾಯಿಯ ಅಕ್ಕ. ಐತುತಾಕಿ ದ್ವೀಪದಲ್ಲಿ ಕೌದಿ ಹೊಲಿಯುವ ಹೆಂಗಸರೆಲ್ಲ ಹೆದರುವ ಹೆಂಗಸು. ಹ್ಯಾಟು ಕೂಡ ಸರಿಮಾಡಿಕೊಳ್ಳದೆ ಬರುತ್ತಿದ್ದಾಳೆಂದರೆ ಕುಶಲ ವಿಚಾರಿಸುವುದಕ್ಕಂತೂ ಅಲ್ಲ.

ತಪ್ಪು ಎರಡನೇ ಕ್ಲಾಸಿನದು. ಬಟ್ಟೆಯನ್ನು ಎಂಟು ಮಡಿಕೆ ಮಡಿಸಿ, ಕತ್ತರಿಸಿ, ಬಿಡಿಸಿದರೆ ದೊಡ್ಡ ಹೂವೊಂದು ಅರಳುತ್ತದೆ. ಅದನ್ನು ಇನ್ನೊಂದು ಬಟ್ಟೆಯ ಮೇಲಿಟ್ಟು ಹೊಲಿದರೆ ಕೌದಿ. ಅದನ್ನೇ ಕೆಂಪು ಕಾಗದದಲ್ಲಿ ಮಾಡೋಣ, ಮನೆಯಿಂದ ಯಾರಾದರೂ ನಮೂನೆ ತನ್ನಿ ಎಂದಿದ್ದಳು ಟೆಪೇರು. ಅಜ್ಜಿಯ ಮೊಮ್ಮಗಳು ಮಿಯಿ, ಅಜ್ಜಿಯ ಹಾಸಿಗೆಯಡಿ ಬಚ್ಚಿಟ್ಟಿದ್ದ ಹೊಸದೊಂದನ್ನೇ ಎಳೆದು ತಂದಳು. ಮುಂದಿನ ತಿಂಗಳು ಚರ್ಚಿನ ಹಾಲ್‌ನಲ್ಲಿ ಹೆಂಗಸರ ಕೌದಿ ಪ್ರದರ್ಶನ. ಅಲ್ಲಿಯವರೆಗೆ ಹೊಸ ನಮೂನೆಯನ್ನು ಕಟ್ಟಿಕೊಂಡ ಗಂಡನಿಗೂ ತೋರಿಸದ ಊರಿದು. ಇಲ್ಲಿ ನೋಡಿದರೆ ಇಡೀ ಕ್ಲಾಸೇ ಅದನ್ನು ನೋಡಿಕೊಂಡು ಕಾಗದ ಕತ್ತರಿಸಿ ಗೋಡೆ ತುಂಬಿಸಿತ್ತು. ನಾಳೆ ಅಪ್ಪ ಅಮ್ಮಂದಿರು ನೋಡಲು ಬರುವವರಿದ್ದರು.

ಎಲ್ಲವನ್ನೂ ಈಗಲೇ ಕಿತ್ತುಹಾಕು ಎಂದು ಅಜ್ಜಿ ಬಾಗಿಲಲ್ಲೇ ಅಪ್ಪಣೆ ಕೊಟ್ಟಳು. ಗೋಡೆ ಬರಿದಾದರೆ ಮಕ್ಕಳ ಮುಖ ಹೇಗೆ ನೋಡಲಿ ಎಂದು ಟೆಪೇರುವಿಗೆ ಸಂಕಟವಾಯಿತು. ಆದರೂ ದೊಡ್ಡಮ್ಮನಿಗೆ ಎದುರಾಡುವ ಧೈರ್ಯವಿಲ್ಲದೆ, ನಿಮ್ಮದು ಯಾವುದು ತೋರಿಸಿ, ಮೊದಲು ಅದನ್ನೇ ತೆಗೆಯುತ್ತೇನೆ ಎಂದಳು.

ಅಜ್ಜಿ ಕನ್ನಡಕ ಏರಿಸಿ ಗೋಡೆಯುದ್ದಕ್ಕೂ ನಡೆದಳು. ಒಂದು ಹೂವಿಗೆ ಎಸಳೇ ಇಲ್ಲ. ಇನ್ನೊಂದು ಆಕ್ಟೋಪಸ್ ಎಂದು ಅದನ್ನು ಮಾಡಿದವನೇ ಹೆಮ್ಮೆಯಿಂದ ಹೇಳಿದ. ಮತ್ತೊಬ್ಬನದು ಅವನಪ್ಪನ ದೋಣಿಯ ಫ್ಯಾನ್ ಅಂತೆ. ಮಿಯಿ ಮಡಿಕೆಯ ಕಡೆಯೇ ಕತ್ತರಿಸಿಬಿಟ್ಟಿದ್ದರಿಂದ ಅವಳ ಹೂವು ಚೂರುಚೂರಾಗಿ ಬಂದಿತ್ತು. ಅಂಟು ಬಳಿದು ಹೇಗೋ ಕೂಡಿಸಿದ್ದಳು. ಅಜ್ಜಿ ಹೋದವಳು ಹಾಗೇ ವಾಪಸ್ ಬಂದಳು. ತನ್ನ ಹೂವು ಎಲ್ಲೂ ಸಿಗಲಿಲ್ಲ.

"ಇದ್ರಲ್ಲಿ ನಂದು ಒಂದೂ ಇಲ್ವಲ್ಲೇ" ಎಂದಳು. ಕಳ್ಳತನಕ್ಕಿಂತ ಇದೇ ಅವಳಿಗೆ ಹೆಚ್ಚು ಅವಮಾನವಾದಂತಿತ್ತು.

ಹಾಗಾದರೆ ಗೋಡೆ ಉಳಿಯಿತು ಎಂದು ಟೆಪೇರು ಒಳಗೊಳಗೇ ಹಿಗ್ಗಿದಳು. ಆದರೆ ಮಿಯಿ ತನ್ನ ಹೂವನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಅಷ್ಟು ಕೆಟ್ದಾಗಿದ್ಯಾ ಅಜ್ಜಿ?"

ಅಜ್ಜಿ ಮೊಮ್ಮಗಳನ್ನು ನೋಡಿದಳು, ಗೋಡೆಯನ್ನು ನೋಡಿದಳು. ಆಮೇಲೆ ನಿಟ್ಟುಸಿರುಬಿಟ್ಟು, ಮಕ್ಕಳ ಪುಟ್ಟ ಕುರ್ಚಿಯಲ್ಲಿ ತನ್ನ ದೊಡ್ಡ ಮೈಯನ್ನು ಹೇಗೋ ತೂರಿಸಿದಳು. ಕಾಗದ ಕೇಳಿದಳು. ಮಡಿಕೆಯ ಕಡೆ ಕತ್ತರಿ ಹಾಕಿದರೆ ಹೂವು ಉದುರುತ್ತದೆ, ಬಾಯಿಬಿಟ್ಟ ಕಡೆಯಿಂದ ಹೊರಡಬೇಕು ಎಂದು ಹೇಳುತ್ತಾ, ಎಲ್ಲರ ಕಣ್ಣೆದುರೇ ಆ ಗುಟ್ಟಿನ ಹೂವನ್ನು ಎಸಳೆಸಳಾಗಿ ಕತ್ತರಿಸಿದಳು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರೆಲ್ಲ ಕಿಟಕಿಗೆ ಮುಖ ಹಚ್ಚಿ ನಿಂತದ್ದು ಅವಳಿಗೂ ಕಂಡಿತ್ತು. ಕತ್ತರಿ ನಿಲ್ಲಲಿಲ್ಲ.

ಬಿಡಿಸಿದಾಗ ಮಕ್ಕಳೆಲ್ಲ ಹೂವು ನೋಡಲು ಮುಗಿಬಿದ್ದರು. ಮಿಯಿ ಅದನ್ನು ತನ್ನ ಹೂವಿನ ಪಕ್ಕದಲ್ಲೇ ಅಂಟಿಸಿದಳು. ಒಂದು ತಿಂಗಳೊಳಗೆ ಇನ್ನೊಂದು ನಮೂನೆ ಹುಡುಕಬೇಕಲ್ಲ ನಾನು, ಎಲ್ಲಾ ನಿಮ್ಮಿಂದಲೇ ಎಂದು ಅಜ್ಜಿ ಗೊಣಗಿದಳು. ಗೊಣಗಿದರೂ ಕುರ್ಚಿಯಿಂದ ಏಳಲಿಲ್ಲ.

ಟೆಪೇರು ಚೀಟಿ, ಪೆನ್ನು ಹಿಡಿದು ಬಂದಳು. "ಕೆಳಗೆ ಹೆಸರು, ಕ್ಲಾಸು ಬರೀಬೇಕು ದೊಡ್ಡಮ್ಮ. ಏನಂತ ಬರೀಲಿ?"

"ಎರಡನೇ ಕ್ಲಾಸು ಅಂತ್ಲೇ ಬರಿ" ಎಂದಳು ಅಜ್ಜಿ. "ಹೆಸರು ಮಾತ್ರ ದೊಡ್ಡ ಅಕ್ಷರದಲ್ಲಿರ್ಲಿ."