ವೀರೇಶನ ಶಿವದಾರ

ಗಾಯದ ಪಟ್ಟಿ ಕಿತ್ತು ಬಂದಾಗ ವೀರೇಶ ಕಿರುಚಲಿಲ್ಲ. ತಾಯಿಯ ಸೆರಗನ್ನು ಬಾಯಿಗೆ ತುರುಕಿಕೊಂಡ. ಐದು ತುಂಬದ ಹುಡುಗನಿಗೆ ನೋವು ಆಗಲೇ ಮನೆಯ ನೆಂಟನಂತೆ ಪಳಗಿತ್ತು. ಆರೋಗ್ಯ ಕೇಂದ್ರದಿಂದ ಮನೆಗೆ ಬಂದಿದ್ದ ನರ್ಸ್ ನಸ್ರೀನ ಅವನ ಕುತ್ತಿಗೆಯತ್ತ ಬಾಗಿ ಹುಬ್ಬು ಗಂಟಿಕ್ಕಿದಳು. ಕೀವಿನ ಜೊತೆ ಬೂದುಬಣ್ಣದ ಕೆಸರು.

“ಆಯೀ, ಇದೇನ್ರಿ?”

ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಹೊಳೆವ್ವ ಮುಖ ತಿರುಗಿಸಿದಳು. “ಇಬತ್ತಿವಾ. ಒಂದ ಚಿಟಿಕಿ.”

“ಹಣಿಗೆ ಹಚ್ಚ್ರಿ. ಬೇಕಾದ್ರ ನನಗೂ ಹಚ್ಚ್ರಿ. ಗಾಯದಾಗ ತುಂಬಬ್ಯಾಡ್ರಿ ಅಂತ ಎಷ್ಟ ಬಡಕೊಳ್ಳಲಿ?”

“ನಿನ್ನ ಮುಲಾಮು ಒಂದ ದುಡದು ದಣದೈತಿ. ಅದಕ್ಕ ಶಿವಪ್ಪನ್ನ ಜೋಡಿ ಮಾಡೇನಿ.”

ಮಗಳು ಲಕ್ಷ್ಮೀದೇವಿ ನಗಲಿಲ್ಲ. ಅವಳ ಕಣ್ಣು ಮಗನ ಮೈಮೇಲಿತ್ತು: ಮೂಗಿನ ಸುತ್ತ ಆರದ ಹುಣ್ಣು, ಕಿವಿಯ ಹಿಂದೆ ಒಡೆದು ನೀರಾಡುವ ಚರ್ಮ, ಕಂಕುಳಲ್ಲಿ ಹಳೆಯ ಬಾವುಗಳ ಕಲೆ. ಈ ಹುಡುಗನ ರಕ್ತದ ಕಾವಲುಗಾರರು ಕ್ರಿಮಿಯನ್ನು ಹಿಡಿಯುತ್ತಾರೆ, ಕೊಲ್ಲಲಾರರು ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು. ಹುಟ್ಟಿನಿಂದ ಬಂದದ್ದು, ತಾಯಿಯಿಂದ ಮಗನಿಗೆ, ತಾಯಿಗೆ ಬಹುಶಃ ಅವಳ ತಾಯಿಯಿಂದ. ಮಾತ್ರೆ ಬಿಡುವಂತಿಲ್ಲ.

ಆ ಮಾತು ಕೇಳಿದಂದಿನಿಂದ ಹೊಳೆವ್ವ ಲೋಕೇಶನ ಹೆಸರೆತ್ತಿರಲಿಲ್ಲ. ಲೋಕೇಶ ಅವಳ ಚೊಚ್ಚಲ ಮಗ. ಇದೇ ವಯಸ್ಸಿನಲ್ಲಿ, ಕುತ್ತಿಗೆಯಲ್ಲಿ ಇಂಥದೇ ಬಾವು ಎದ್ದು ತೀರಿಕೊಂಡಿದ್ದ. ಕುರು ಎಂದರು, ಉಷ್ಣ ಎಂದರು, ಮಣ್ಣು ಮಾಡಿ ಬಂದರು. ತನ್ನ ಹೊಟ್ಟೆಯೇ ಇದನ್ನು ಹಂಚಿತೆಂದು ಆಗ ಯಾರಿಗೆ ಗೊತ್ತಿತ್ತು!

ನಸ್ರೀನ ಗಾಯ ತೊಳೆದಳು. ಆಮೇಲೆ ಮೆಲ್ಲಗೆ ಹೇಳಿದಳು: “ಈ ದಾರ ತೆಗೀಬೇಕ್ರಿ. ಕೀವಿನಾಗ ತೊಯ್ದು, ತಿಕ್ಕಿ ತಿಕ್ಕಿ ಗಾಯ ಆಳ ಮಾಡೈತಿ. ನಂಜು ಒಳಗ ಇಳೀತಂದ್ರ ಹುಬ್ಬಳ್ಳಿಯವರ ಕೈಯಾಗೂ ಇಲ್ಲ.”

ಅದು ಶಿವದಾರ. ಹಸುಗೂಸಾಗಿದ್ದಾಗ ಕಟ್ಟಿದ್ದು; ತುದಿಯ ಬೆಳ್ಳಿ ಕರಡಿಗೆಯೊಳಗೆ ಅವನ ಇಷ್ಟಲಿಂಗ. ಲಿಂಗ ಮೈ ಬಿಟ್ಟರೆ ಪ್ರಾಣ ಮೈ ಬಿಟ್ಟಂತೆ ಎಂದು ಕೇಳುತ್ತಲೇ ಬೆಳೆದ ಜೀವ ಹೊಳೆವ್ವನದು.

“ತೋಳಿಗೆ ಕಟ್ಟೂಣು,” ಎಂದಳು.

ಲಕ್ಷ್ಮೀದೇವಿ ಮಗನ ಅಂಗಿಯ ತೋಳು ಸರಿಸಿ ತೋರಿಸಿದಳು. ಅಲ್ಲಿಯೂ ಚರ್ಮ ಹಸಿಹಸಿ.

“ಹಂಗಾರ ನೀನ ಬಿಚ್ಚವಾ, ನಸ್ರೀನಾ.”

“ನಾ ಮುಟ್ಟಂಗಿಲ್ರಿ ಆಯಿ. ನಿಮ್ಮ ದೇವರು. ನೀವ ಬಿಚ್ಚ್ರಿ.”

ಎಳೆಯ ಕುತ್ತಿಗೆಯಿಂದ ಶಿವದಾರವನ್ನು ಹೊಳೆವ್ವ ಒಮ್ಮೆ ಬಿಚ್ಚಿದ್ದಳು. ಬಿಚ್ಚಿ, ಮಣ್ಣಿಗಿಡುವ ಮುನ್ನ ಲಿಂಗವನ್ನು ಲೋಕೇಶನ ಎಡಗೈಯಲ್ಲಿಟ್ಟು ಬೆರಳು ಮಡಚಿದ್ದಳು. ಆ ಬೆರಳುಗಳು ಮಡಚಿದಲ್ಲಿ ನಿಲ್ಲುತ್ತಿರಲಿಲ್ಲ.

“ಅವ್ವಾ...” ಎಂದಳು ಲಕ್ಷ್ಮೀದೇವಿ.

ಹೊಳೆವ್ವ ಎದ್ದು ಕೈ ತೊಳೆದು ಬಂದಳು. ಗಂಟು ಕೀವು ಕುಡಿದು ಕಲ್ಲಾಗಿತ್ತು. ನಸ್ರೀನ ಕತ್ತರಿ ಚಾಚಿದರೆ, “ಕಬ್ಬಿಣ ಹಚ್ಚಬ್ಯಾಡವಾ,” ಎಂದು ಉಗುರಿನಿಂದಲೇ ಎಳೆ ಎಳೆಯಾಗಿ ಬಿಡಿಸತೊಡಗಿದಳು. ಮುಂಜಾನೆ ಸಂಜೆ ವಚನ ಹೇಳುವ ತುಟಿ ಅಲುಗಿತು. ಒಂದು ಸಾಲೂ ನೆನಪಿಗೆ ಬರಲಿಲ್ಲ. ದಾರ ಕೈಗೆ ಬಂದೊಡನೆ ಅವಳು ಹುಡುಗನ ಎದೆಗೆ ಅಂಗೈ ಇಟ್ಟಳು. ಎದೆ ಏರಿ ಇಳಿಯಿತು. ಮತ್ತೆ ಏರಿತು.

“ಆಯೀ, ನನ್ನ ಲಿಂಗಪ್ಪ ಎಲ್ಲಿ ಇರ್ತಾನ?”

“ನನ್ನ ಕೊಳ್ಳಾಗ. ನೀ ದೊಡ್ಡಾಂವ ಆಗೂ ತನಕಾ.”

“ಇಬ್ಬರನ್ನೂ ಹೊರತೀಯೇನು? ನೀ ಮುದುಕಿ ಅದಿ.”

“ಮುದುಕಿ ನಿಮ್ಮಪ್ಪ!” ಎಂದಳು. ನಸ್ರೀನ ನಕ್ಕು, ಹೊಸ ಪಟ್ಟಿ ಹಾಕಿ, ಬಾಗಿಲ ಬಳಿ ನಿಂತು ಕಣ್ಣೊರೆಸಿಕೊಂಡು ಹೋದಳು.

ಕರಡಿಗೆಯನ್ನು ಬಿಸಿನೀರಲ್ಲಿ ತೊಳೆದು, ಹೊಸ ದಾರ ಪೋಣಿಸಿ ಹೊಳೆವ್ವ ತನ್ನ ಕರಡಿಗೆಯ ಜೊತೆಗೇ ಕೊರಳಿಗೆ ಹಾಕಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ವೀರೇಶನಿಗೆ ಜ್ವರ ಏರಿ, ಹಾಗೆಯೇ ನಿದ್ದೆ ಹತ್ತಿತು. ಅವಳು ಒಲೆ ಊದಲು ಬಾಗಿದಾಗ ಎದೆಯ ಮೇಲೆ ಎರಡು ಕರಡಿಗೆಗಳು ಒಂದಕ್ಕೊಂದು ತಾಗಿ ಟಿಣ್ ಎಂದವು. ಹುಡುಗ ನಿದ್ದೆಯಲ್ಲಿ ಮಿಸುಕಿದ. ಹೊಳೆವ್ವ ಎರಡನ್ನೂ ಒಂದೇ ಮುಷ್ಟಿಯಲ್ಲಿ ಅದುಮಿ ಹಿಡಿದು, ಇನ್ನೊಂದು ಕೈಯಿಂದ ಒಲೆಯ ಕೊಳ್ಳಿಯನ್ನು ಮುಂದಕ್ಕೆ ತಳ್ಳಿದಳು.